ಗೋದಕ್ಕ ಎಳೆದ ಮೂರನೇ ಬೇಸಿನ ಗೆರೆ

ಆ ಚೆಂಡು ಗೆರೆಯ ಒಳಗೆ ಬಿತ್ತೋ ಹೊರಗೆ ಬಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಒಳಗೆ ಎಂದು ಕೈ ತೋರಿಸಿದವನು ಮಾತ್ರ ನಾನೇ. ಜೊತೆಗೆ ಕೂಗಿದೆನೋ, ಬರೀ ಕೈ ತೋರಿಸಿದೆನೋ, ಅದರಲ್ಲೂ ಈಗ ಅನುಮಾನ. ಆ ಕ್ಷಣಕ್ಕೆ ತಲೆಯ ಮೇಲೊಂದು ವಿಮಾನ ಇಳಿಯುತ್ತಿತ್ತು ಎಂದು ನನ್ನ ನೆನಪು. ಆದರೆ ಲಂಡನ್ನಿನ ವಿಮಾನ ನಿಲ್ದಾಣಕ್ಕೆ ಅಂಟಿಕೊಂಡ ಈ ಹೌನ್ಸ್ಲೋದಲ್ಲಿ ಯಾವ ಕ್ಷಣವನ್ನು ನೆನೆದುಕೊಂಡರೂ ತಲೆಯ ಮೇಲೊಂದು ವಿಮಾನ ಇದ್ದೇ ಇರುತ್ತದೆ. ಅದನ್ನು ಸಾಕ್ಷಿಯಾಗಿ ಹಿಡಿಯುವಂತಿಲ್ಲ. ನಾನು ಮೈಸೂರಿನಲ್ಲಿ ಮನಃಶಾಸ್ತ್ರ ಓದಿ, ಇಲ್ಲಿಗೆ ಬಂದು ಮನುಷ್ಯರ ನೆನಪು ಹೇಗೆ ತಪ್ಪುತ್ತದೆ ಎಂಬುದರ ಮೇಲೆ ಇನ್ನೊಂದು ಪದವಿ ಮಾಡಿದವನು. ಅದರಿಂದ ನೌಕರಿ ಸಿಗಲಿಲ್ಲ. ನನ್ನ ನೆನಪನ್ನು ನಾನೇ ನಂಬದ ಅಭ್ಯಾಸ ಮಾತ್ರ ಉಳಿಯಿತು.

ಆದರೂ ಒಂದು ಚಿತ್ರದ ಬಗ್ಗೆ ನನಗೆ ಅನುಮಾನವಿಲ್ಲ. ಎಪ್ಪತ್ತು ದಾಟಿದ ಹೆಂಗಸು. ಇಳಕಲ್ ಸೀರೆಯ ಮೇಲೆ ಗಂಡಸರ ಮಳೆಕೋಟು, ಕಾಲಿಗೆ ಓಟದ ಬೂಟು, ಎಡಗೈಯಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿ. ಹುಲ್ಲಿನ ಮೈದಾನದಲ್ಲಿ ಹಿಂದು ಹಿಂದಕ್ಕೆ ನಡೆಯುತ್ತಿದ್ದಾರೆ. ಬಲಗೈಯ ಹೆಬ್ಬೆರಳು, ತೋರುಬೆರಳುಗಳ ಸಂದಿಯಿಂದ ಬಿಳಿ ಪುಡಿ ಸಣ್ಣಗೆ ಇಳಿಯುತ್ತಿದೆ. ಅವರು ಕೈ ನೋಡುತ್ತಿಲ್ಲ, ನೆಲ ನೋಡುತ್ತಿಲ್ಲ. ಮೈದಾನದಾಚೆಯ ಶಾಲೆಯ ಗೋಪುರದ ಗಡಿಯಾರವನ್ನು ನೋಡುತ್ತಿದ್ದಾರೆ. ಅವರ ಮುಂದೆ ಹುಲ್ಲಿನ ಮೇಲೆ ಉಳಿಯುತ್ತಿರುವ ಗೆರೆ ಬಿಲ್ಲಿನ ಹೆದೆಯಷ್ಟು ನೇರ.

ಅವರೇ ಗೋದಕ್ಕ. ಧಾರವಾಡದವರು. ಮೂವತ್ತು ವರ್ಷ ಹೌನ್ಸ್ಲೋದಲ್ಲಿ ಜಿ.ಪಿ. ಆಗಿದ್ದರು, ಇಲ್ಲಿ ಬಡಾವಣೆಯ ಡಾಕ್ಟರಿಗೆ ಹಾಗೆನ್ನುತ್ತಾರೆ. ನಾನು ಈ ಊರಿಗೆ ಬರುವ ಹೊತ್ತಿಗೆ ನಿವೃತ್ತರಾಗಿದ್ದರು. ನನ್ನ ಮನೆಯಿಂದ ಎರಡು ಬಾಗಿಲಾಚೆ ಒಬ್ಬರೇ ಇದ್ದರು. ಮಗಳು ಲಂಡನ್ನಿನ ಇನ್ನೊಂದು ಬಡಾವಣೆ ಪಿನ್ನರ್‌ನಲ್ಲಿ. ನಾನು ವಿಮಾನ ನಿಲ್ದಾಣದ ಪಕ್ಕದ ಸರಕು ಕಂಪನಿಯೊಂದರಲ್ಲಿ ವೇಳಾಪಟ್ಟಿ ಮಾಡುವ ಕೆಲಸಕ್ಕಿದ್ದೆ. ಕೂತಲ್ಲಿ ಕೂರಲಾಗದೆ ದಿನಕ್ಕೆರಡು ಬಾರಿ ಬೀದಿ ಸುತ್ತುತ್ತಿದ್ದೆ. ಮೂರನೇ ದಿನವೇ ಅವರು ಗೇಟಿನಲ್ಲಿ ನಿಂತು ಕನ್ನಡದಲ್ಲಿ ಕೇಳಿದರು:

"ಏ ತಮ್ಮಾ, ಏನರೆ ಕಳಕೊಂಡೀ ಏನು?"

ವಿಮಾನ ಹಾಯುವಾಗ ಹೌನ್ಸ್ಲೋದ ಜನ ಮಾತು ನಿಲ್ಲಿಸುತ್ತಾರೆ, ಹೋದ ಮೇಲೆ ಮುಂದುವರಿಸುತ್ತಾರೆ. ಉಳಿದವರು ವಾಕ್ಯ ಮುಗಿಸಿ ನಿಲ್ಲಿಸಿದರೆ ಗೋದಕ್ಕ ವಾಕ್ಯದ ನಡುವೆಯೇ ನಿಲ್ಲಿಸುತ್ತಿದ್ದರು. ಒಮ್ಮೆ ನನ್ನ ತೋಳಿಗೆ ಬಿ.ಪಿ. ಪಟ್ಟಿ ಕಟ್ಟಿ, ಮೀಟರ್ ನೋಡಿ, "ನಿನಗ ಇನ್ನ ಭಾಳ ದಿವಸ—" ಎಂದರು. ವಿಮಾನ ಬಂತು. ಅದು ಹೋಗುವವರೆಗೆ ನನ್ನ ಮುಖವನ್ನೇ ನೋಡುತ್ತ ನಿಂತರು. ಆಮೇಲೆ, "—ಗುಳಿಗಿ ಬೇಕಾಗಂಗಿಲ್ಲ" ಎಂದರು. ಮೂವತ್ತು ವರ್ಷ ರೋಗಿಗಳು ಇದನ್ನು ಹೇಗೆ ತಡೆದುಕೊಂಡರೋ.

ಬೇಸ್‌ಬಾಲಿನ ಕಥೆಯನ್ನು ಅವರು ನನಗೆ ಹೇಳಿದ್ದು ಅವರ ಅಡುಗೆಮನೆಯಲ್ಲಿ, ಈರುಳ್ಳಿ ಹೆಚ್ಚುತ್ತ.

"ಒಬ್ಬ ಮುದುಕ ಪೇಷಂಟ್ ಇದ್ದಾ. ಹೆಸರು ಕೇಳಬ್ಯಾಡ, ಡಾಕ್ಟರ್ ಆದಾಕಿ ಹೇಳಂಗಿಲ್ಲ. ಆರ್ಥರ್ ಅಂತ ಇಟ್ಕೋ. ತಿಂಗಳಿಗೊಮ್ಮೆ ಬಿ.ಪಿ. ನೋಡಿಸ್ಲಿಕ್ಕೆ ಬರಾಂವ. ಬಂದಾಗೊಮ್ಮೆ ಅದೊಂದು ಕಥಿ. ಸಾಲಿ ಹಿಂದಿನ ಮೈದಾನದಾಗ ಎರಡನೇ ಮಹಾಯುದ್ಧಕ್ಕ ಮುಂಚೆ ಬೇಸ್‌ಬಾಲ್ ಆಡ್ತಿದ್ರಂತ. ಮಂದಿಯೋ ಮಂದಿ. ಇವಾ ಏಳು ವರ್ಷದಾಂವ, ಅಪ್ಪನ ಹೆಗಲ ಮ್ಯಾಲೆ ಕೂತು ನೋಡ್ತಿದ್ನಂತ."

"ಇಂಗ್ಲೆಂಡಿನಲ್ಲಿ ಬೇಸ್‌ಬಾಲಾ?"

"ಹಾಂ, ನಾನೂ ಹಂಗ ಅಂದೆ. ಅಮೆರಿಕಾದ ಆಟ ಹೌನ್ಸ್ಲೋದಾಗ ಎಲ್ಲಿಂದ ಬರಬೇಕು? ಕ್ರಿಕೆಟ್ ಹುಟ್ಟಿದ ದೇಶ ಇದು. ನಾ ಏನ್ ಮಾಡ್ದೆ ಗೊತ್ತದ? ಫೈಲಿನಾಗ ಬರದೆ. ಆಗಲಾರದ್ದು ಆಗೇದ ಅಂತ ಹೇಳ್ತಾನ, ನೆನಪು ಕೆಟ್ಟದ ಅಂತ ಬರದೆ. ಮೆಮರಿ ಕ್ಲಿನಿಕ್ಕಿಗೆ ಕಳಿಸ್ದೆ."

ಚಾಕು ನಿಂತಿತು. ಆಗ ಮಾತ್ರ ವಿಮಾನ ಇರಲಿಲ್ಲ ಎಂದು ನನಗೆ ಸ್ಪಷ್ಟವಾಗಿ ನೆನಪಿದೆ.

"ಅವಾ ಸಿಟ್ಟಾಗ್ಲಿಲ್ಲ ನೋಡು. ಮುಂದಿನ ತಿಂಗಳೂ ಬಂದಾ. ಹವಾ ಬಗ್ಗೆ ಮಾತಾಡಿದಾ, ಮೊಣಕಾಲಿನ ಬಗ್ಗೆ ಮಾತಾಡಿದಾ. ಬೇಸ್‌ಬಾಲ್ ಮಾತು ಮತ್ತ ಎತ್ತಲಿಲ್ಲ. ಸಾಯೂತನಕಾ ಎತ್ತಲಿಲ್ಲ. ಅವನ ಬಾಯಿ ನಾ ಮುಚ್ಚಿಸಿದೆ."

ಆರ್ಥರ್ ಹೋಗಿ ಎಷ್ಟೋ ವರ್ಷದ ಮೇಲೆ, ಒಂದು ಭಾನುವಾರ ಪಾರ್ಕಿನಲ್ಲಿ ಕೆಲವರು ಚರ್ಮದ ದೊಡ್ಡ ಕೈಗವಸು ತೊಟ್ಟು ಚೆಂಡು ಹಿಡಿಯುವುದನ್ನು ಗೋದಕ್ಕ ಕಂಡರು. ದೇಶದ ಬೇಸ್‌ಬಾಲ್ ಲೀಗಿನ ಕೆಳದರ್ಜೆಯಲ್ಲಿ ಆಡುವ ಒಂದು ಸಣ್ಣ ತಂಡ. ತಮ್ಮದೆನ್ನುವ ಮೈದಾನವಿಲ್ಲದೆ ಪಂದ್ಯಕ್ಕೆಲ್ಲ ಬೇರೆಯವರ ಊರಿಗೇ ಹೋಗುತ್ತಿದ್ದವರು. ನಾಯಕ ಮಿಗೆಲ್ ಕ್ಯೂಬಾದವನು, ವಿಮಾನಗಳಿಗೆ ಪೆಟ್ಟಿಗೆ ಏರಿಸುವ ಕೆಲಸದವನು. ಗೋದಕ್ಕ ನಗುತ್ತಲೇ ಅವನಿಗೆ ಆರ್ಥರನ ಕಥೆ ಹೇಳಿದರಂತೆ. ಮಿಗೆಲ್ ನಗಲಿಲ್ಲ. "ಯುದ್ಧಕ್ಕೆ ಮುಂಚೆ ಲಂಡನ್ನಿನ ತುಂಬ ಬೇಸ್‌ಬಾಲ್ ಇತ್ತಲ್ಲ ಡಾಕ್ಟರ್, ನಿಮಗೆ ಗೊತ್ತಿರಲಿಲ್ಲವೇ?" ಎಂದ. ಗೋದಕ್ಕ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ಎದ್ದಾಗ ಅವರ ತಲೆಯಲ್ಲಿ ಒಂದೇ ವಿಚಾರ: ಶಾಲೆಯ ಹಿಂದಿನ ಮೈದಾನಕ್ಕೆ ಬೇಸ್‌ಬಾಲ್ ಮರಳಬೇಕು. ಇನ್ನೆಲ್ಲಿಗೂ ಅಲ್ಲ, ಅಲ್ಲಿಗೇ.

ಆ ಮೈದಾನ ಬೇಲಿ ಹಾಕಿಕೊಂಡು ಸುಮ್ಮನೆ ಬಿದ್ದಿತ್ತು. ಅಲ್ಲಿ ಕಾರು ನಿಲ್ಲಿಸಲು ಜಾಗ ಮಾಡುವ ಯೋಚನೆ ಇಲ್ಲಿನ ನಗರಸಭೆಯಾದ ಕೌನ್ಸಿಲ್‌ನದು. ಗೋದಕ್ಕ ಕಾಗದ ಬರೆದರು. ಉತ್ತರ ಬಾರದಿದ್ದಾಗ ತಾವೇ ಹೋದರು, ನನ್ನನ್ನೂ ಎಳೆದುಕೊಂಡು. ಪಾರ್ಕುಗಳ ಅಧಿಕಾರಿ ಹೆಲೆನ್ ಎಂಬ ಸೌಮ್ಯ ಹೆಂಗಸು.

"ಅಲ್ಲಿ ಹಿಂದೆ ಆಡಿದ್ದರು ಎನ್ನುವುದಕ್ಕೆ ಏನು ಆಧಾರ?" ಎಂದು ಕೇಳಿದರು.

"ಒಬ್ಬ ರೋಗಿ ಹೇಳಿದ್ದ. ಹೆಸರು ಹೇಳುವಂತಿಲ್ಲ. ಈಗ ಅವನಿಲ್ಲ."

"ಅದು ಆಧಾರ ಆಗುವುದಿಲ್ಲ ಡಾಕ್ಟರ್."

"ಗೊತ್ತು," ಎಂದರು ಗೋದಕ್ಕ. "ಒಮ್ಮೆ ನಾನೂ ಹಾಗೇ ಬರೆದಿದ್ದೆ."

ಹೆಲೆನ್‌ಗೆ ಅದು ಅರ್ಥವಾಗಿರಲಿಕ್ಕಿಲ್ಲ. ಆದರೆ ಆ ದನಿಯಲ್ಲಿ ಏನೋ ಕೇಳಿಸಿರಬೇಕು. ಒಂದು ಪಂದ್ಯಕ್ಕೆ ಒಪ್ಪಿದರು. ಒಂದೇ ಪಂದ್ಯ. ತಾವೇ ಬಂದು ನೋಡುವುದು, ಅಕ್ಕಪಕ್ಕದವರು ಬರುತ್ತಾರೋ ಬೈಯುತ್ತಾರೋ ನೋಡುವುದು, ಆಮೇಲೆ ಬೇಸ್‌ಬಾಲೋ ಕಾರುಗಳೋ ತೀರ್ಮಾನಿಸುವುದು.

ಹಿಂದಿರುಗುವ ಬಸ್ಸಿನಲ್ಲಿ ನಾನು ತಡೆಯಲಾರದೆ ಕೇಳಿದೆ: "ಅಕ್ಕ, ಬೇಜಾರು ಮಾಡ್ಕೋಬೇಡಿ. ಆರ್ಥರ್ ಅಂತ ನಿಜವಾಗಿ ಒಬ್ಬರು ಇದ್ರಾ?" ನಾನು ಅದಾಗಲೇ ಅಂತರ್ಜಾಲವೆಲ್ಲ ಜಾಲಾಡಿದ್ದೆ, ಆ ಮೈದಾನದ ಬಗ್ಗೆ ಒಂದು ಸಾಲೂ ಇರಲಿಲ್ಲ. ಗ್ರಂಥಾಲಯದ ಹಳೆಯ ಫೋಟೋಗಳು ಸ್ಥಳಾಂತರಕ್ಕೆಂದು ಗಂಟು ಕಟ್ಟಿದ ಪೆಟ್ಟಿಗೆಗಳಲ್ಲಿದ್ದವು.

ಗೋದಕ್ಕ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಎದುರಿಗಿನವನ ಮಾತು ನಂಬಬಾರದಂತ ಕಲೀಲಿಕ್ಕೆ ನೀ ಎರಡು ಡಿಗ್ರಿ ಮಾಡ್ದಿ. ನಾ ಪುಕ್ಕಟೆ ಕಲ್ತಿದ್ದೆ. ಈಗ ಅದನ್ನ ಮರೀಲಿಕ್ಕೆ ಹತ್ತೀನಿ. ಸುಮ್ನ ಕೂಡು."

ಮೈದಾನ ಅಳೆಯುವಾಗ ಮಿಗೆಲ್‌ನ ಜೊತೆಗೇ ಜಗಳವಾಯಿತು. ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಒಂದು ಮಾತು: ಹೊಡೆಯುವವನು ನಿಲ್ಲುವ ಮೂಲೆಗೆ ಹೋಮ್ ಎನ್ನುತ್ತಾರೆ. ಅಲ್ಲಿಂದ ಎರಡು ಬಿಳಿ ಗೆರೆಗಳು ಸೀಳಿಕೊಂಡು ಮೈದಾನದ ಕೊನೆಯವರೆಗೆ ಹೋಗುತ್ತವೆ, ಒಂದು ಮೊದಲನೇ ಬೇಸನ್ನು ಹಾದು, ಇನ್ನೊಂದು ಮೂರನೇ ಬೇಸನ್ನು ಹಾದು. ಹೊಡೆದ ಚೆಂಡು ಈ ಎರಡು ಗೆರೆಗಳ ನಡುವೆ ಬಿದ್ದರೆ ಆಟ, ಹೊರಗೆ ಬಿದ್ದರೆ ಲೆಕ್ಕಕ್ಕಿಲ್ಲ. ಓಟಗಾರ ಬೇಸ್ ಎನ್ನುವ ಮೂರು ನಿಲುಗಡೆಗಳನ್ನು ಮುಟ್ಟಿ ಹೋಮ್‌ಗೆ ಮರಳಿದರೆ ಒಂದು ರನ್. ಹೋಮ್ ಎಲ್ಲಿ, ಗೆರೆ ಯಾವ ದಿಕ್ಕಿಗೆ ಎಂಬುದು ಗೋದಕ್ಕನ ತಲೆಯಲ್ಲಿ ಆಗಲೇ ತೀರ್ಮಾನವಾಗಿತ್ತು.

"ಆರ್ಥರ್ ಹೇಳಿದ್ದ. ಮೂರನೇ ಬೇಸಿನ ಗೆರೆ ನೇರವಾಗಿ ಶಾಲೆಯ ಗಡಿಯಾರಕ್ಕೆ ಹೋಗುತ್ತಿತ್ತು."

ಮಿಗೆಲ್ ತಲೆ ಮೇಲೆ ಕೈ ಇಟ್ಟುಕೊಂಡ. "ಡಾಕ್ಟರ್, ಹಾಗೆ ಹಾಕಿದರೆ ಹೊಡೆಯುವವನ ಮುಖ ಪಶ್ಚಿಮಕ್ಕಾಗುತ್ತದೆ. ಇಳಿಹೊತ್ತಿನ ಸೂರ್ಯ ಸೀದಾ ಕಣ್ಣಿಗೆ. ಬುದ್ಧಿ ಇದ್ದವರು ಯಾರೂ ಹಾಗೆ ಹಾಕುವುದಿಲ್ಲ."

"ಹಾಗಾದರೆ ಆಗ ಬುದ್ಧಿ ಇಲ್ಲದವರು ಹಾಕಿರಬೇಕು. ಅಲ್ಲೇ ಹಾಕು."

ಹೊಡೆಯುವವರೆಲ್ಲ ಟೋಪಿ ಕೆಳಕ್ಕೆಳೆದುಕೊಂಡು ಆಡಬೇಕೆಂದು ತೀರ್ಮಾನವಾಯಿತು.

ಪಂದ್ಯ ಏಪ್ರಿಲ್‌ನ ಒಂದು ಭಾನುವಾರ. ಬೆಳಿಗ್ಗೆ ನಾನು ಹೋದಾಗ ಮಿಗೆಲ್ ಮಂಡಿಯೂರಿ ಕೂತು ಗೆರೆ ಹಾಕುವ ಗಾಲಿಯಂತ್ರವನ್ನು ಗುದ್ದುತ್ತಿದ್ದ. ಯಾರಿಂದಲೋ ಎರವಲು ತಂದ ಯಂತ್ರ, ಒಳಗಿನ ಸುಣ್ಣ ಗಟ್ಟಿಯಾಗಿ ಕಲ್ಲಾಗಿತ್ತು. ಪಂದ್ಯಕ್ಕೆ ಮೂರು ಗಂಟೆ ಉಳಿದಿತ್ತು. ಗೆರೆ ಇಲ್ಲದೆ ಲೀಗಿನವರು ಆಡಿಸುವುದಿಲ್ಲ.

"ಗೆರಿ ಹಾಕ್ಲಿಕ್ಕೆ ಯಂತ್ರ ಯಾಕ ಬೇಕೋ," ಎಂದರು ಗೋದಕ್ಕ. "ತಮ್ಮಾ, ಓಡು. ನಮ್ಮನಿ ದೇವರ ಮುಂದ ಬಿಸ್ಕೀಟ್ ಡಬ್ಬಿ ಅದ, ರಂಗೋಲಿದು. ಕಪಾಟಿನ ಕೆಳಗ ಇನ್ನೊಂದು ಚೀಲಾ ಅದ. ಎರಡೂ ತಾ."

ತಂದೆ. ಎರಡೂ ಗೆರೆಗಳ ಕೊನೆಗೆ ಒಂದೊಂದು ಗೂಟ ಹೊಡೆಸಿದರು. ಅಲ್ಲಿಂದ ಹಿಮ್ಮುಖವಾಗಿ ಹೋಮ್‌ನತ್ತ ನಡೆಯುತ್ತ ಪುಡಿ ಬಿಡತೊಡಗಿದರು. ನಾನು ಹಗ್ಗ ಹಿಡಿಯುತ್ತೇನೆಂದೆ, ಬೇಡವೆಂದರು. "ಕೈ ನೋಡಬಾರದು, ಕಾಲು ನೋಡಬಾರದು. ಗೂಟದ ನೆತ್ತಿ ಮ್ಯಾಲೆ ನಿನ್ನ ಗುರ್ತು ಕೂತಿರಬೇಕು. ಅದು ಸರೀಲಿಲ್ಲಾ ಅಂದ್ರ ಗೆರಿ ಸರಿಯಂಗಿಲ್ಲ." ಮೊದಲನೇ ಬೇಸಿನ ಕಡೆಗೆ ಅವರ ಗುರುತು ಒಂದು ಮನೆಯ ಚಿಮಣಿ. ಆ ಗೆರೆ ಮುಗಿಯುವಷ್ಟರಲ್ಲಿ ಧಾರವಾಡದಿಂದ ತಂದ ರಂಗೋಲಿಕಲ್ಲಿನ ಪುಡಿಯೆಲ್ಲ ತೀರಿತು. ಗಡಿಯಾರದ ಕಡೆಯ ಗೆರೆ ಇನ್ನೂ ಬಾಕಿ. ಗೋದಕ್ಕ ಸೆರಗು ಬಿಗಿದು, ಅಂಗಡಿಯಿಂದ ಹತ್ತು ಕೆ.ಜಿ. ಅಕ್ಕಿಹಿಟ್ಟು ತರಿಸಿದರು.

"ಅಕ್ಕ, ಹಕ್ಕಿ ತಿನ್ನುತ್ತವೆ" ಎಂದು ನಾನು ಎಚ್ಚರಿಸಿದೆ. ನನ್ನ ನೆನಪು ಹಾಗೆನ್ನುತ್ತದೆ. ಗೋದಕ್ಕನ ಪ್ರಕಾರ ನಾನು ಬಾಯಿ ಬಿಡದೆ ಚೀಲ ಕತ್ತರಿಸಿಕೊಟ್ಟೆ. ಅವರ ನೆನಪೇ ಸರಿಯಿರಬಹುದು.

ಒಂದು ಗಂಟೆಯ ಹೊತ್ತಿಗೆ ಮೈದಾನ ನೋಡಬೇಕಿತ್ತು! ಮಿಗೆಲ್‌ನ ಜೊತೆಗಾರರು ಕೆಲಸ ಮುಗಿಸಿ ಹಳದಿ ಜಾಕೀಟಿನಲ್ಲೇ ಬಂದಿದ್ದರು. ಅಕ್ಕಪಕ್ಕದ ಮನೆಯ ಮುದುಕರು ಮಡಚುವ ಕುರ್ಚಿ ತಂದಿದ್ದರು. ಲಂಡನ್ನಿನ ಇನ್ನೊಂದು ಬಡಾವಣೆ ಕಿಂಗ್ಸ್‌ಬರಿಯಿಂದಲೂ ಎರಡು ಕಾರು ಕನ್ನಡದವರು ಬಂದಿದ್ದರು, ಇದು ಕ್ರಿಕೆಟ್ಟೇ ಎಂದುಕೊಂಡು. "ಎಷ್ಟು ಓವರ್ರೀ?" ಎಂದು ಅವರಲ್ಲೊಬ್ಬರು ನನ್ನನ್ನು ಕೇಳಿದರು. ಗೋದಕ್ಕ ಬೆಳಿಗ್ಗೆ ಹೆಚ್ಚಿಟ್ಟಿದ್ದ ಈರುಳ್ಳಿ, ಚುರುಮುರಿ ಎಲ್ಲ ಕಲಸಿ ಗಿರ್ಮಿಟ್ ಮಾಡಿ ಕಾಗದದ ಪೊಟ್ಟಣದಲ್ಲಿ ಹಂಚುತ್ತಿದ್ದರು. ಹೆಲೆನ್ ಆಗಲೇ ಮೂರನೇ ಪೊಟ್ಟಣ ತಿನ್ನುತ್ತಿದ್ದರು. ನನಗೆ ಮೂರನೇ ಬೇಸಿನ ಬಳಿ ನಿಂತು ಚೆಂಡು ಗೆರೆಯ ಒಳಗೋ ಹೊರಗೋ ಹೇಳುವ ಕೆಲಸ. ಲೀಗಿನಿಂದ ಬಂದ ಅಂಪೈರ್ ಒಬ್ಬನೇ, ಸಹಾಯಕ್ಕೆ ಜನ ಬೇಕಿತ್ತು. "ಇವಗ ಯಾವುದೂ ಖಾತ್ರಿ ಇರೂದಿಲ್ಲ, ಯಾರ ಕಡೀನೂ ವಾಲೂದಿಲ್ಲ, ಇವನ್ನ ನಿಲ್ಲಿಸ್ರಿ" ಎಂದು ಗೋದಕ್ಕನೇ ಶಿಫಾರಸು ಮಾಡಿದ್ದರು.

ಆಟದ ಅರ್ಧದವರೆಗೆ ಎಲ್ಲ ಸರಿಯಿತ್ತು. ಆಮೇಲೆ ನನ್ನ ಹಿಂದೆ, ಮೂರನೇ ಬೇಸಿನಾಚೆಯ ಗೆರೆಯ ಮೇಲೆ ಒಂದು ಪಾರಿವಾಳ ಇಳಿಯಿತು. ಆಮೇಲೆ ಐದು. ತಿರುಗಿ ನೋಡಿದಾಗ ಎಣಿಸಲು ಆಗಲಿಲ್ಲ. ಸಾಲಾಗಿ, ಶಿಸ್ತಾಗಿ, ಗೂಟದಿಂದ ಶುರುಮಾಡಿ ನನ್ನತ್ತ ಬರುತ್ತ ಗೆರೆಯನ್ನು ಹೆಕ್ಕಿ ತಿನ್ನುತ್ತಿದ್ದವು. ಚಪ್ಪಾಳೆ ತಟ್ಟಿದೆ. ದಿನವಿಡೀ ವಿಮಾನದ ಕೆಳಗೆ ಬಾಳುವ ಪಾರಿವಾಳಗಳಿಗೆ ನನ್ನ ಚಪ್ಪಾಳೆ ಯಾವ ಲೆಕ್ಕ.

"ಅಜ್ಜೀ! ಪಿಜನ್ಸ್ ಆರ್ ಈಟಿಂಗ್ ದ ಲೈನ್!" ಎಂದು ಪಿನ್ನರ್‌ನಿಂದ ಬಂದ ಮೊಮ್ಮಗಳು ಕಿರುಚಿದಳು.

ಗೋದಕ್ಕ ಗಿರ್ಮಿಟ್ಟಿನ ಸೌಟು ಹಿಡಿದೇ ಮೈದಾನಕ್ಕೆ ನುಗ್ಗಿದರು. "ಹುಶ್! ಹುಶ್! ನಿಮ್ಮ ಹೊಟ್ಟಿಗಿಷ್ಟು!" ಅಂಪೈರ್ ಆಟ ನಿಲ್ಲಿಸಿ ಅವರನ್ನು ಹೊರಗೆ ಕಳಿಸಿದ. ಹಕ್ಕಿಗಳು ಒಂದು ಸುತ್ತು ಹಾರಿ ಮತ್ತೆ ಊಟಕ್ಕೆ ಕೂತವು. ಜನ ಬಿದ್ದು ಬಿದ್ದು ನಗುತ್ತಿದ್ದರು. ಗೋದಕ್ಕ ಮಾತ್ರ ನಗಲಿಲ್ಲ. ಹೆಲೆನ್ ಏನೋ ಬರೆದುಕೊಳ್ಳುತ್ತಿದ್ದುದನ್ನು ಅವರೂ ನೋಡಿದರು, ನಾನೂ ನೋಡಿದೆ.

ಕೊನೆಯ ಸರದಿ. ನಮ್ಮವರು ಒಂದು ರನ್ ಹಿಂದೆ. ಇಬ್ಬರು ಓಟಗಾರರು ಬೇಸುಗಳ ಮೇಲೆ, ಇನ್ನೊಬ್ಬ ಔಟಾದರೆ ಆಟ ಮುಗಿಯಿತು. ಮಿಗೆಲ್ ಹೊಡೆಯಲು ನಿಂತ. ಸೂರ್ಯ ಅವನ ಕಣ್ಣಿಗೆ ನೆಟ್ಟಗೆ. ಟೋಪಿ ಎಳೆದುಕೊಂಡ. ಚೆಂಡು ಬಂತು. ಟಕ್ ಎಂದು ಒಣಗಿದ ಸದ್ದು. ಚೆಂಡು ನನ್ನ ತಲೆಯ ಮೇಲಿಂದ ಹಾಯ್ದು ಪಾರಿವಾಳಗಳ ನಡುವೆ ಬಿತ್ತು. ಅಷ್ಟೂ ಹಕ್ಕಿಗಳು ಒಟ್ಟಿಗೆ ಎದ್ದವು. ಬೂದು ರೆಕ್ಕೆಗಳ ಗೋಡೆ. ಅದು ಸರಿದಾಗ ಹುಲ್ಲಿನ ಮೇಲೆ ಚೆಂಡು ಉರುಳುತ್ತಿತ್ತು, ಗೆರೆ ಇರಲಿಲ್ಲ. ಒಂದು ಕಾಳಿನಷ್ಟೂ ಇರಲಿಲ್ಲ. ಗೂಟ ಕೂಡ ಯಾರ ಕಾಲಿಗೋ ಸಿಕ್ಕಿ ಮಲಗಿತ್ತು.

ಎಲ್ಲರ ಮುಖ ನನ್ನತ್ತ. ಓಟಗಾರರು ಓಡುತ್ತಿದ್ದರು. ಎದುರು ತಂಡದವರು "ಹೊರಗೆ! ಹೊರಗೆ!" ಎನ್ನುತ್ತಿದ್ದರು, ನಮ್ಮವರು "ಒಳಗೆ!" ನಾನು ಏನು ಮಾಡಿದೆ? ಕಾಲ ಬಳಿಯ ಬೇಸನ್ನು ನೋಡಿದೆ. ಆಮೇಲೆ ತಲೆಯೆತ್ತಿ ಗಡಿಯಾರವನ್ನು ನೋಡಿದೆ. ನಡುವೆ ಕಣ್ಣಲ್ಲೇ ಒಂದು ಗೆರೆ ಎಳೆದೆ. ಹೆಸರಿಲ್ಲದ, ಇದ್ದನೋ ಇಲ್ಲವೋ ನನಗೆ ತಿಳಿಯದ ಒಬ್ಬ ಮುದುಕನ ಮಾತಿನ ಗೆರೆ. ಚೆಂಡು ಬಿದ್ದ ಜಾಗ ಎಂದು ನಾನು ಅಂದುಕೊಂಡದ್ದು ಆ ಗೆರೆಗಿಂತ ಒಂದು ಗೇಣು ಒಳಗಿತ್ತು. ಕೈ ಚಾಚಿ ಒಳಗೆ ಎಂದು ತೋರಿಸಿದೆ.

ಇಬ್ಬರೂ ಓಟಗಾರರು ಹೋಮ್ ಮುಟ್ಟಿದರು, ಎರಡು ರನ್, ಆಟ ನಮ್ಮದು. ಆಮೇಲಿನದು ಬರೀ ಗದ್ದಲ. ಹಳದಿ ಜಾಕೀಟುಗಳು ಮೈದಾನಕ್ಕೆ ಹರಿದವು, ಮಿಗೆಲ್ ಗೋದಕ್ಕನನ್ನು ಎತ್ತಿ ಒಂದು ಸುತ್ತು ತಿರುಗಿಸಿದ, ಓಟದ ಬೂಟೊಂದು ಹಾರಿಹೋಯಿತು. ಎದುರು ತಂಡದ ತರಬೇತುದಾರ ನನ್ನ ಬಳಿ ಬಂದು, "ಯಾವ ಗೆರೆ ನೋಡಿ ಹೇಳಿದೆ ಮಹರಾಯ?" ಎಂದು ಕೇಳಿದ. ಅಂಪೈರ್ ನಗು ತಡೆದುಕೊಂಡು, ಗೆರೆ ಕಾಯುವವನ ಮಾತೇ ಕೊನೆಯ ಮಾತು ಎಂದ.

ಗೋದಕ್ಕ ಒಂದೇ ಬೂಟಿನಲ್ಲಿ ಕುಂಟುತ್ತ ಬಂದರು. ಮುಖ ಬೆವರಿತ್ತು, ಕಣ್ಣು ಹೊಳೆಯುತ್ತಿದ್ದವು. ಆದರೂ ದನಿ ತಗ್ಗಿಸಿ ಕೇಳಿದರು: "ಖರೇ ಹೇಳು. ಬಿದ್ದದ್ದು ಕಂಡೀ ಏನು?"

"ಇಲ್ಲ ಅಕ್ಕ. ಗಡಿಯಾರ ನೋಡಿ ಹೇಳಿದೆ."

ಅವರು ತಿರುಗಿ ಗಡಿಯಾರದತ್ತ ನೋಡಿದರು. "ಹಂಗಾರ ನೀ ಅವನ್ನ ನಂಬಿದಿ," ಎಂದರು. ಆಮೇಲೆ ಸೌಟಿನಿಂದ ನನ್ನ ಬೆನ್ನಿಗೆ ಒಂದು ಬಾರಿಸಿದರು. "ಹೋಗ್ಲಿ ಬಿಡು, ನಮ್ಮೂರಾಗ ಅಕ್ಕಿಹಿಟ್ಟಿನ ರಂಗೋಲಿ ಇರಿವಿ ತಿನ್ಲಿ ಅಂತ ಹಾಕ್ತೀವಿ. ಇಲ್ಲೆ ಪಾರಿವಾಳ ತಿಂದ್ವು. ಪುಣ್ಯಕ್ಕೇನು ಕಡಿಮಿ ಇಲ್ಲ."

ಕೌನ್ಸಿಲ್‌ನ ಕಾಗದ ಬಂದಾಗ ಲಕೋಟೆ ಒಡೆಯದೆಯೇ ನನ್ನ ಕೈಗೆ ಕೊಟ್ಟು ಓದು ಎಂದರು. ಮೈದಾನ ಬೇಸ್‌ಬಾಲಿಗೆ. ಕೆಳಗೆ ಒಂದು ಷರತ್ತು: ಇನ್ನು ಮುಂದೆ ಗೆರೆಗಳನ್ನು ಪಕ್ಷಿಗಳು ತಿನ್ನಬಹುದಾದ ಯಾವುದೇ ಪದಾರ್ಥದಿಂದ ಹಾಕತಕ್ಕದ್ದಲ್ಲ. ಗೋದಕ್ಕ ಆ ಕಾಗದಕ್ಕೆ ಕಟ್ಟು ಹಾಕಿಸಿ, ತಮ್ಮ ಡಾಕ್ಟರ್ ಪದವಿಯ ಪಕ್ಕದಲ್ಲೇ ತೂಗುಹಾಕಿದರು. ಹೆಲೆನ್ ಆಗಾಗ ಗಿರ್ಮಿಟ್‌ಗೆ ಬರುತ್ತಿದ್ದರು.

ಎರಡು ಬೇಸಿಗೆಕಾಲ ಅವರು ಪ್ರತಿ ಪಂದ್ಯಕ್ಕೂ ಬಂದು ಕೂತರು. ಆಟದ ನಿಯಮ ಕೊನೆಯವರೆಗೂ ಪೂರ್ತಿ ತಲೆಗೆ ಹತ್ತಲಿಲ್ಲ. ಜನ ಎದ್ದು ನಿಂತಾಗ ಎದ್ದು ನಿಲ್ಲುತ್ತಿದ್ದರು. ಆದರೆ ಪ್ರತಿ ಸಲ ಮೊದಲ ಚೆಂಡಿಗೆ ಮುಂಚೆ ಹೋಮ್‌ನ ಹಿಂದೆ ನಿಂತು, ಮೂರನೇ ಬೇಸಿನ ಗೆರೆಯುದ್ದಕ್ಕೂ ಕಣ್ಣು ಹಾಯಿಸಿ, ಗಡಿಯಾರಕ್ಕೆ ಸಣ್ಣಗೆ ತಲೆ ಬಾಗಿಸುತ್ತಿದ್ದರು. ಫೈಲಿನಲ್ಲಿ ಬರೆದದ್ದನ್ನು ಅಳಿಸಲಾಗದು ಎಂದು ಒಮ್ಮೆ ಅಂದಿದ್ದರು. "ಆದ್ರ ಅದರ ಬಾಜೂಕ ಇನ್ನೊಂದು ಬರೀಬಹುದು."

ಕೊನೆಯ ಸಲ ನೋಡಿದ್ದು ಡಿಸೆಂಬರಿನಲ್ಲಿ, ಅವರ ಅಡುಗೆಮನೆಯಲ್ಲೇ. ಹೊರಗೆ ಹೋಗಲು ಆಗುತ್ತಿರಲಿಲ್ಲ. ಬಿಸ್ಕತ್ತಿನ ಡಬ್ಬಿಗೆ ಹೊಸ ಕಲ್ಲುಪುಡಿ ತುಂಬಿಸಿ, ನನ್ನ ಕೈಗೆ ಚಿಟಿಕೆ ಕೊಟ್ಟು, ನೆಲದ ಮೇಲೆ ಗೆರೆ ಎಳೆಯಲು ಕಲಿಸಿದರು. ನನ್ನ ಗೆರೆ ಹಾವಿನಂತೆ ಹೋಯಿತು. "ಕೈ ನೋಡ್ಲಿಕ್ಕತ್ತೀ ಮತ್ತ," ಎಂದರು. "ಅದಕ್ಕ ನಿನಗ ಯಾವುದೂ—" ವಿಮಾನ ಬಂತು. ಅದು ಹೋಗುವಷ್ಟರಲ್ಲಿ ಮಗಳು ಫೋನ್ ಮಾಡಿದರು, ಮಾತು ಬೇರೆಡೆಗೆ ಹೊರಳಿತು. ಆ ವಾಕ್ಯ ಅವರು ಮುಗಿಸಲೇ ಇಲ್ಲ ಎಂದು ನನ್ನ ನೆನಪು. ಜನವರಿಯಲ್ಲಿ ತೀರಿಕೊಂಡರು. ಮಗಳು ಡಬ್ಬಿಯನ್ನು ನನಗೆ ತಂದುಕೊಟ್ಟರು.

ಈ ಏಪ್ರಿಲ್‌ನಲ್ಲಿ ಮೊದಲ ಪಂದ್ಯಕ್ಕೆ ಮೂರನೇ ಬೇಸಿನ ಗೆರೆಯನ್ನು ನಾನೇ ಎಳೆದೆ, ಹಿಮ್ಮುಖವಾಗಿ, ಕೈ ನೋಡದೆ. ಕಳೆದೆರಡು ವರ್ಷಕ್ಕಿಂತ ಹೆಚ್ಚು ಜನ ಬಂದಿದ್ದರು. ಎಲ್ಲರ ಕೈಯಲ್ಲೂ ಪೊಟ್ಟಣ. ಗಿರ್ಮಿಟ್ ಈಗ ಮಿಗೆಲ್‌ನ ಹೆಂಡತಿ ಮಾಡುತ್ತಾಳೆ, ಖಾರ ಜಾಸ್ತಿ.

ಇದನ್ನು ಬರೆಯಲು ಕೂತ ಮೇಲೆ ಗ್ರಂಥಾಲಯಕ್ಕೆ ಹೋದೆ. ಪೆಟ್ಟಿಗೆಗಳನ್ನು ಈಗ ಬಿಚ್ಚಿದ್ದಾರೆ. ಮೂರನೆಯದರಲ್ಲಿ ಒಂದು ಫೋಟೋ ಸಿಕ್ಕಿತು. ಹಿಂದೆ ಪೆನ್ಸಿಲ್‌ನಲ್ಲಿ ಬರೆದದ್ದು ಒಂದೇ ಪದ, ಬೇಸ್‌ಬಾಲ್. ಹೋಮ್‌ನ ಹಿಂದಿನಿಂದ ತೆಗೆದದ್ದು. ಜನಸಂದಣಿ, ಒಂದೆರಡು ಕಡೆ ಹೆಗಲ ಮೇಲೆ ಕೂತ ಮಕ್ಕಳು. ಹೊಡೆಯುವವನು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದಾನೆ. ಮೇಜಿನ ಮೇಲಿದ್ದ ಅಳತೆಪಟ್ಟಿಯನ್ನು ಫೋಟೋದ ಮೇಲೆ ಇಟ್ಟು ನೋಡಿದೆ. ಮೂರನೇ ಬೇಸಿನ ಗೆರೆ, ಕೊನೆಯ ಗೂಟ, ಶಾಲೆಯ ಗಡಿಯಾರ. ಮೂರೂ ಪಟ್ಟಿಯ ಒಂದೇ ಅಂಚಿನ ಮೇಲಿದ್ದವು.